ಮುಚ್ಚಿದ ಗರಡಿ ತೆರೆದರೆ ಸಾಕೇ?

ಹೋದ ವರ್ಷ ತಿಪಟೂರಿನ ನಮ್ಮ ದೊಡ್ಡಮ್ಮನಿಗೆ ಸರ್ಪಸುತ್ತು ಆಯಿತು. ವಯಸ್ಸು ಎಪ್ಪತ್ತೆರಡು. ಮೊದಲು ಎಡಪಕ್ಕೆಯಲ್ಲಿ ಉರಿ ಶುರುವಾದಾಗ ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದರು. ಮೂರನೇ ದಿನ ಬೆನ್ನಿನಿಂದ ಹೊಟ್ಟೆಯವರೆಗೆ ಅರ್ಧ ಡಾಬು ಕಟ್ಟಿದ ಹಾಗೆ ನೀರುಗುಳ್ಳೆ ಎದ್ದವು. ಪಕ್ಕದ ಮನೆಯವರು ಕೆಮ್ಮಣ್ಣು ಕಲಸಿ ತಂದು ಬಳಿದರು. ಹಾವಿನ ತಲೆಗೂ ಬಾಲಕ್ಕೂ ಗಂಟು ಬಿದ್ದರೆ ಕಥೆ ಮುಗಿಯಿತು ಅನ್ನುವ ಹಳೇ ಹೆದರಿಕೆ ಬೇರೆ. ನಾನು ನೋಡಲು ಹೋಗುವ ಹೊತ್ತಿಗೆ ಗುಳ್ಳೆ ಬಾಡಿದ್ದವು, ನೋವು ಬಾಡಿರಲಿಲ್ಲ. ಸೆರಗು ಸೋಕಿದರೂ ಕರೆಂಟ್ ಹೊಡೆದ ಹಾಗಾಗುತ್ತೆ ಕಣೋ ಅನ್ನುತ್ತಿದ್ದರು.

ಚಿಕ್ಕಂದಿನಲ್ಲಿ ಬಂದು ಹೋದ ‘ಅಮ್ಮ’, ಅಂದರೆ ಸೀತಾಳೆ ಸಿಡುಬು, ನಿಜವಾಗಿ ಹೋಗಿರುವುದಿಲ್ಲ. ಅದರ ವೈರಾಣು ನರದ ಬುಡದಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ಅದನ್ನು ಏಳದಂತೆ ಕಾಯುವುದು ರಕ್ತದಲ್ಲಿನ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು. ವಯಸ್ಸಾದಂತೆ ಕಾವಲು ಸಡಿಲವಾಗುತ್ತದೆ, ಮಲಗಿದ್ದು ಏಳುತ್ತದೆ. ಇಷ್ಟು ವಿವರಿಸಿ, ಆ ಕಾವಲುಗಾರರನ್ನು ತಯಾರು ಮಾಡುವ ಥೈಮಸ್ ಗ್ರಂಥಿ ಮುಪ್ಪಿನಲ್ಲಿ ಸೊರಗುತ್ತದೆ ದೊಡ್ಡಮ್ಮ, ಈಗ ಅದನ್ನು ಮತ್ತೆ ಬೆಳೆಸೋಕೆ ನೋಡ್ತಿದ್ದಾರೆ ಅಂದೆ.

“ಥೈರಾಯ್ಡಾ? ಅದಕ್ಕೆ ದಿನಾ ಬೆಳಿಗ್ಗೆ ಮಾತ್ರೆ ನುಂಗ್ತಾನೇ ಇದೀನಲ್ಲೋ!”

ನಕ್ಕುಬಿಟ್ಟೆ. ಆದರೆ ಥೈಮಸ್ ಮತ್ತು ಥೈರಾಯ್ಡನ್ನು ಬೆರೆಸಿಕೊಂಡ ತಪ್ಪು ವೈದ್ಯಲೋಕದಲ್ಲೂ ಒಂದು ದುರಂತ ಮಾಡಿದೆ. ಅದು ಹೆಸರಿನ ಗೊಂದಲವಾಗಿರಲಿಲ್ಲ, ಜಾಗದ ಗೊಂದಲ. ಆ ಕಥೆಗೆ ಬರುತ್ತೇನೆ. ಥೈಮಸ್ಸನ್ನು ಚಿಗುರಿಸಿ ಮುಪ್ಪನ್ನು ಹಿಂದಕ್ಕೆ ತಳ್ಳುತ್ತೇವೆ ಎಂಬ ಇವತ್ತಿನ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಅದೇ ನೆನಪಾಗುವುದು.

ಥೈರಾಯ್ಡ್ ಕುತ್ತಿಗೆಯಲ್ಲಿದೆ. ಥೈಮಸ್ ಅದರ ಕೆಳಗೆ, ಎದೆಮೂಳೆಯ ಹಿಂದೆ, ಹೃದಯದ ಮೇಲೆ ಒರಗಿಕೊಂಡಿದೆ. ಹುಟ್ಟಿದ ಮಗುವಿನಲ್ಲಿ 10-15 ಗ್ರಾಂ ತೂಗುತ್ತದೆ, ಹರೆಯಕ್ಕೆ ಬರುವಾಗ 30-40 ಗ್ರಾಂ. ಆಮೇಲೆ ಇಳಿಗಾಲ. ಅದರಲ್ಲಿ ನಿಜವಾಗಿ ಕೆಲಸ ಮಾಡುವ ಭಾಗದ ಸವೆತವಂತೂ ಮಗುವಿಗೆ ವರ್ಷ ತುಂಬಿದಾಗಲೇ ಶುರುವಾಗುತ್ತದೆ: ನಡುವಯಸ್ಸಿನವರೆಗೆ ವರ್ಷಕ್ಕೆ ಸುಮಾರು ಶೇ 3ರಷ್ಟು, ನಂತರ ಶೇ 1ರಷ್ಟು. ಖಾಲಿಯಾದ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ. ನಮ್ಮ ದೇಹದಲ್ಲಿ ಇಷ್ಟು ಬೇಗ ನಿವೃತ್ತಿಯಾಗುವ ಅಂಗ ಇನ್ನೊಂದಿಲ್ಲ. ಫ್ರೆಂಚ್ ಅಡುಗೆಯವರಿಗೆ ಇದು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು ಅನ್ನಬೇಕು. ಎಳೆಗರುವಿನ ಥೈಮಸ್ ಅವರಲ್ಲಿ ದುಬಾರಿ ಖಾದ್ಯ. ಬಲಿತ ದನದಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ.

ಅಲ್ಲಿ ನಡೆಯುವ ಕೆಲಸವನ್ನು ಪಾಠಶಾಲೆಗೆ ಹೋಲಿಸುವುದು ರೂಢಿ. ನನಗೆ ಮೈಸೂರಿನ ಗರಡಿಮನೆ ಹೆಚ್ಚು ಸರಿ ಅನಿಸುತ್ತದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆ ಕೋಶಗಳು ರಕ್ತದಲ್ಲಿ ತೇಲಿ ಬಂದು ಇಲ್ಲಿ ಸೇರಿಕೊಳ್ಳುತ್ತವೆ. ಒಂದೊಂದು ಕೋಶವೂ ತನ್ನ ಜೀನಿನ ತುಣುಕುಗಳನ್ನು ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ, ಎದುರಾಳಿಯನ್ನು ಹಿಡಿಯಲು ತನ್ನದೇ ಆದ ಒಂದು ಪಟ್ಟು ಸಿದ್ಧಮಾಡಿಕೊಳ್ಳುತ್ತದೆ. ಹೀಗೆ ಕುರುಡಾಗಿ ಕಲಸಿದ್ದರಿಂದ ಕೋಟ್ಯಂತರ ಬಗೆಯ ಪಟ್ಟುಗಳು ಹುಟ್ಟುತ್ತವೆ. ಇನ್ನೂ ಹುಟ್ಟಿರದ ರೋಗಾಣುವಿಗೂ ಯಾವುದೋ ಒಂದು ಕೋಶದ ಬಳಿ ಮದ್ದು ಇರುತ್ತದೆ. ಇದೇ ಟಿ ಕೋಶಗಳ ಸೈನ್ಯದ ಗುಟ್ಟು.

ಆದರೆ ಕುರುಡಾಗಿ ಕಲಿತ ಪಟ್ಟು ಅಪಾಯದ್ದೂ ಹೌದು. ಹಾಗಾಗಿ ಗರಡಿಯಲ್ಲಿ ಎರಡು ಪರೀಕ್ಷೆ. ಮೊದಲನೆಯದು, ನಮ್ಮದೇ ಜೀವಕೋಶಗಳು ತಮ್ಮ ಮೈಮೇಲೆ ಎತ್ತಿ ತೋರಿಸುವ ಗುರುತಿನ ಚೀಟಿಯನ್ನು ಓದಲು ಬರುತ್ತದೆಯೇ? ಬಾರದಿದ್ದರೆ ಅಲ್ಲೇ ಸಾವು. ಎರಡನೆಯದು ಇನ್ನೂ ಕಠಿಣ: ನಮ್ಮವರ ಮೇಲೇ ಕೈ ಮಾಡುತ್ತದೆಯೇ? ಇದನ್ನು ಪರೀಕ್ಷಿಸಲು ಥೈಮಸ್ ಒಂದು ವಿಚಿತ್ರ ಏರ್ಪಾಟು ಮಾಡಿಕೊಂಡಿದೆ. ಅದರ ಒಳಪದರದ ಕೋಶಗಳು, ಅಂದರೆ ಈ ಗರಡಿಯ ಉಸ್ತಾದರು, ಮೇದೋಜೀರಕದಲ್ಲಿ ಆಗಬೇಕಾದ ಇನ್ಸುಲಿನ್ನಿನಿಂದ ಹಿಡಿದು ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ಚೂರು ಚೂರು ತಯಾರಿಸಿ ಎಳೆಯರ ಮುಂದೆ ಹಿಡಿಯುತ್ತವೆ. ಯಾರು ಅದರ ಮೇಲೆ ಎಗರಿದರೋ ಅವರು ಸತ್ತಂತೆಯೇ. ಉಸ್ತಾದರಿಂದ ಈ ಕೆಲಸ ಮಾಡಿಸುವ ‘ಐರ್’ ಎಂಬ ಜೀನು 1997ರಲ್ಲಿ ಪತ್ತೆಯಾಯಿತು. ಅದು ಹುಟ್ಟಿನಿಂದಲೇ ಕೆಟ್ಟವರಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಗಳನ್ನು ಒಂದೊಂದಾಗಿ ತಿಂದುಹಾಕುತ್ತದೆ. ಗರಡಿಗೆ ಸೇರಿದ ನೂರರಲ್ಲಿ ಹೊರಗೆ ಬರುವುದು ಎರಡೋ ಐದೋ. ಈ ಕ್ರೌರ್ಯವೇ ಥೈಮಸ್ಸಿನ ಬೆಲೆ. ಎಷ್ಟು ಜನರನ್ನು ತಯಾರಿಸಿತು ಅನ್ನುವುದಕ್ಕಿಂತ ಯಾರನ್ನು ಹೊರಗೆ ಬಿಡಲಿಲ್ಲ ಅನ್ನುವುದು ಇಲ್ಲಿ ಮುಖ್ಯ.

ಈಗ ಆ ದುರಂತ. ಹತ್ತೊಂಬತ್ತನೇ ಶತಮಾನದಲ್ಲಿ ಮನುಷ್ಯನ ದೇಹ ಸೀಳಿ ಅಧ್ಯಯನ ಮಾಡಲು ವೈದ್ಯರಿಗೆ ಸಿಗುತ್ತಿದ್ದುದು ಬಡವರ ಶವ. ಬ್ರಿಟನ್ನಿನಲ್ಲಿ 1832ರ ಕಾನೂನಿನ ಪ್ರಕಾರ, ಅನಾಥಾಲಯದಂಥ ಬಡವರ ಗೃಹಗಳಲ್ಲಿ ಸತ್ತು ವಾರಸುದಾರರಿಲ್ಲದ ದೇಹಗಳೇ ಅಂಗರಚನಾ ಶಾಲೆಗಳಿಗೆ ಹೋಗುತ್ತಿದ್ದವು. ಹಸಿವು, ದೀರ್ಘ ಕಾಯಿಲೆ, ಒತ್ತಡ ಎಲ್ಲವೂ ಥೈಮಸ್ಸನ್ನು ಕುಗ್ಗಿಸುತ್ತವೆ. ಹಾಗಾಗಿ ಪುಸ್ತಕಗಳಲ್ಲಿ ‘ಸಾಮಾನ್ಯ ಗಾತ್ರ’ ಎಂದು ದಾಖಲಾದದ್ದು ಹಸಿದವರ ಮುದುಡಿದ ಥೈಮಸ್. ಮುಂದೆ ಚೆನ್ನಾಗಿ ಉಂಡುತಿಂದು ಬೆಳೆದ ಮಗುವೊಂದು ತೊಟ್ಟಿಲಲ್ಲಿ ಹಠಾತ್ತನೆ ತೀರಿಕೊಂಡಾಗ ಸೀಳಿ ನೋಡಿದರೆ ಥೈಮಸ್ ದೊಡ್ಡದು! ಅದೇ ಉಸಿರುನಾಳ ಒತ್ತಿ ಕೊಂದಿದೆ ಎಂದು ತೀರ್ಮಾನವಾಯಿತು. ಅದಕ್ಕೊಂದು ಉದ್ದನೆಯ ಲ್ಯಾಟಿನ್ ಹೆಸರೂ ಬಿತ್ತು.

ಕಾಯಿಲೆ ಇದೆ ಅಂದಮೇಲೆ ಚಿಕಿತ್ಸೆ ಬೇಕಲ್ಲ? 1907ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಮಗುವಿನ ಥೈಮಸ್ಸಿಗೆ ಎಕ್ಸ್-ರೇ ಹಾಯಿಸಿ ಕುಗ್ಗಿಸಿದರು. ಅಲ್ಲಿಂದ ಮುಂದೆ ದಶಕಗಳ ಕಾಲ, ಏನೂ ಆಗಿರದ ಸಾವಿರಾರು ಶಿಶುಗಳ ಎದೆಗೆ, ಮುನ್ನೆಚ್ಚರಿಕೆ ಎಂದು, ವಿಕಿರಣ ಕೊಟ್ಟರು. ಇಂಥ ಕಾಯಿಲೆಯೇ ಇಲ್ಲವೆಂದು ಬ್ರಿಟನ್ನಿನ ತನಿಖೆ 1931ರಲ್ಲೇ ಹೇಳಿದರೂ ಅಮೆರಿಕದಲ್ಲಿ ಅದು ನಿಲ್ಲಲಿಲ್ಲ. 1950ರಲ್ಲಿ ಇಬ್ಬರು ವೈದ್ಯರು ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳ ಹಳೇ ಚೀಟಿಗಳನ್ನು ತೆಗೆಸಿ ನೋಡಿದರು. ಮೂರರಲ್ಲೊಂದು ಪಾಲು ಮಕ್ಕಳ ಥೈಮಸ್ಸಿಗೆ ಶೈಶವದಲ್ಲಿ ವಿಕಿರಣ ಕೊಡಲಾಗಿತ್ತು. ಥೈಮಸ್ಸಿಗೆಂದು ಬಿಟ್ಟ ಕಿರಣ ಮೇಲಿದ್ದ ಥೈರಾಯ್ಡಿಗೂ ತಾಗಿತ್ತು.

ಇಷ್ಟಕ್ಕೂ ಆಗ ಥೈಮಸ್ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು 1961ರಲ್ಲಿ. ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನಾ ಸಂಸ್ಥೆಯ ಜಾಕ್ ಮಿಲ್ಲರ್ ಎಂಬ ಮೂವತ್ತು ವರ್ಷದ ತರುಣ ಇಲಿಗಳ ರಕ್ತಕ್ಯಾನ್ಸರ್ ಹಿಂದೆ ಬಿದ್ದಿದ್ದರು. ಆಗಷ್ಟೇ ಹುಟ್ಟಿದ ಮರಿಗಳ ಥೈಮಸ್ಸನ್ನು ತೆಗೆದು ನೋಡಿದರೆ, ಮೊಲೆ ಬಿಟ್ಟ ಕೆಲವು ವಾರಕ್ಕೆ ಅವು ಸೊರಗಿ, ಸೋಂಕಿಗೆ ತುತ್ತಾಗಿ ಸಾಯುತ್ತಿದ್ದವು. ಅವುಗಳ ಮೈಗೆ ಬೇರೆ ತಳಿಯ ಇಲಿಯ ಚರ್ಮ ಹಚ್ಚಿದರೂ ತಿರಸ್ಕರಿಸುತ್ತಿರಲಿಲ್ಲ. ಕಾವಲೇ ಇರಲಿಲ್ಲ. ಮನುಷ್ಯನ ದೊಡ್ಡ ಅಂಗಗಳಲ್ಲಿ ಕೊನೆಯದಾಗಿ ಗುಟ್ಟು ಬಿಟ್ಟುಕೊಟ್ಟದ್ದು ಇದೇ. ಟಿ ಕೋಶದ ‘ಟಿ’ ಥೈಮಸ್ಸಿನ ಮೊದಲ ಅಕ್ಷರ.

ಹೀಗೆ ಗೊತ್ತಾದ ಮೇಲೂ ಇನ್ನೊಂದು ತಾತ್ಸಾರ ಉಳಿಯಿತು: ಮಕ್ಕಳಿಗೆ ಬೇಕು ಸರಿ, ದೊಡ್ಡವರಿಗೆ ಯಾಕೆ? ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಎದೆ ತೆರೆದಾಗ ಅಡ್ಡ ಬಂದರೆ ಅದನ್ನು ಕತ್ತರಿಸಿ ಬದಿಗಿಡುವುದು ಪ್ರಪಂಚದ ಎಲ್ಲ ಕಡೆ ವಾಡಿಕೆ. ಈ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ತಂಡ, ಥೈಮಸ್ ತೆಗೆಸಿಕೊಂಡ 1,146 ವಯಸ್ಕರನ್ನು, ಅದೇ ರೀತಿ ಎದೆಯ ಶಸ್ತ್ರಚಿಕಿತ್ಸೆಯಾಗಿ ಥೈಮಸ್ ಉಳಿಸಿಕೊಂಡವರ ಜೊತೆ ಹೋಲಿಸಿತು. ಐದು ವರ್ಷದೊಳಗೆ ಥೈಮಸ್ ಇಲ್ಲದವರಲ್ಲಿ ಶೇ 8.1 ಮಂದಿ ತೀರಿಕೊಂಡಿದ್ದರು. ಇದ್ದವರಲ್ಲಿ ಶೇ 2.8. ಕ್ಯಾನ್ಸರ್ ಬಂದದ್ದು ಶೇ 7.4 ಮತ್ತು ಶೇ 3.7. ಮುಕ್ಕಾಲು ಪಾಲು ಕೊಬ್ಬಾಗಿರುವ ಮುದಿ ಗ್ರಂಥಿಯೂ ಏನನ್ನೋ ಕಾಯುತ್ತಿತ್ತು.

ಇದನ್ನು ಓದಿ ಗಾಬರಿಯಾಗುವವರಿಗೆ ಒಂದು ಮಾತು. ಇದು ಹಳೇ ದಾಖಲೆಗಳ ಹೋಲಿಕೆ, ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಥೈಮಸ್ ತೆಗೆಯಬೇಕಾಗಿ ಬಂದವರಲ್ಲಿ ಬೇರೆ ತೊಂದರೆಗಳೂ ಇದ್ದಿರಬಹುದು. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದ ಕಾಯಿಲೆಯಲ್ಲಂತೂ ಥೈಮಸ್ಸನ್ನು ತೆಗೆದರೆ ರೋಗಿಗೆ ಒಳ್ಳೆಯದು ಎಂದು 2016ರಲ್ಲಿ ಪ್ರಕಟವಾದ, ಸರಿಯಾಗಿ ನಡೆಸಿದ ಪ್ರಯೋಗವೇ ತೋರಿಸಿದೆ. ನಿಮ್ಹಾನ್ಸಿನ ನರರೋಗ ವೈದ್ಯರು ಆ ಸಲಹೆ ಕೊಟ್ಟಿದ್ದರೆ ಈ ಲೇಖನ ಓದಿ ಮನಸ್ಸು ಬದಲಿಸಬೇಡಿ.

ಸರಿ, ಬಾಗಿಲು ಹಾಕುತ್ತಿರುವ ಗರಡಿಯನ್ನು ಮತ್ತೆ ತೆರೆಯಲು ಆಗುತ್ತದೆಯೇ? ಆಗುತ್ತದೆ ಎನ್ನಲು ಸುಳಿವುಗಳು ಬಹಳ ಹಿಂದಿನಿಂದಲೇ ಇವೆ. ಬೀಜ ಒಡೆದ ಗಂಡುಪ್ರಾಣಿಗಳಲ್ಲಿ ಥೈಮಸ್ ದೊಡ್ಡದಿರುತ್ತದೆ ಎಂಬುದು ನೂರು ವರ್ಷಕ್ಕೂ ಹಳೆಯ ಗಮನಿಕೆ. ಅಂದರೆ ಹರೆಯದ ಹಾರ್ಮೋನುಗಳೇ ಅದನ್ನು ಒಣಗಿಸುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಆ ಹಾರ್ಮೋನುಗಳನ್ನು ತಡೆಯುವ ಔಷಧ ಕೊಟ್ಟಾಗ ರಕ್ತದಲ್ಲಿ ಟಿ ಕೋಶಗಳು ಏರಿದ್ದನ್ನು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2005ರಲ್ಲಿ ವರದಿ ಮಾಡಿದರು. 1986ರಲ್ಲಿ ಇನ್ನೊಂದು ತಂಡ ಮುದಿ ಇಲಿಗಳಿಗೆ ಬೆಳವಣಿಗೆಯ ಹಾರ್ಮೋನು ಸುರಿಸುವ ಕೋಶಗಳನ್ನು ಕಸಿ ಮಾಡಿ ಥೈಮಸ್ ಚಿಗುರಿಸಿತ್ತು.

ಈ ಎರಡನೇ ದಾರಿ ಹಿಡಿದವರು ಕ್ಯಾಲಿಫೋರ್ನಿಯಾದ ಗ್ರೆಗ್ ಫೇಹಿ. ಮೊದಲು ತಮ್ಮ ಮೇಲೇ, 46ನೇ ವಯಸ್ಸಿನಲ್ಲಿ, ಪ್ರಯೋಗ ಮಾಡಿಕೊಂಡ ಮನುಷ್ಯ. ಆಮೇಲೆ 51ರಿಂದ 65 ವಯಸ್ಸಿನ ಆರೋಗ್ಯವಂತ ಗಂಡಸರಿಗೆ ಒಂದು ವರ್ಷ ಬೆಳವಣಿಗೆಯ ಹಾರ್ಮೋನು ಕೊಟ್ಟರು. ಅದು ಸಕ್ಕರೆ ಕಾಯಿಲೆ ತರುವ ಅಪಾಯ ಇರುವುದರಿಂದ ಜೊತೆಗೆ ಮೆಟ್‌ಫಾರ್ಮಿನ್ ಮತ್ತು ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನು. 2019ರಲ್ಲಿ ಫಲಿತಾಂಶ ಬಂತು. ಲೆಕ್ಕಕ್ಕೆ ಸಿಕ್ಕ ಒಂಬತ್ತು ಜನರಲ್ಲಿ ಏಳು ಮಂದಿಯ ಎಂಆರ್‌ಐಯಲ್ಲಿ ಥೈಮಸ್ಸಿನ ಕೊಬ್ಬು ಕರಗಿ ಹೊಸ ಅಂಗಾಂಶ ಕಂಡಿತ್ತು. ಡಿಎನ್‌ಎ ಮೇಲಿನ ಗುರುತುಗಳನ್ನು ಎಣಿಸಿ ಹೇಳುವ ‘ಜೈವಿಕ ವಯಸ್ಸು’ ಸುಮಾರು ಎರಡೂವರೆ ವರ್ಷ ಹಿಂದಕ್ಕೆ ಹೋಗಿತ್ತು. ಪ್ರಪಂಚದ ಪತ್ರಿಕೆಗಳೆಲ್ಲ ಯಯಾತಿಯ ಹಾಗೆ ಕುಣಿದವು.

ಒಂಬತ್ತು ಜನ. ಹೋಲಿಸಿ ನೋಡಲು ಔಷಧ ಪಡೆಯದ ಇನ್ನೊಂದು ಗುಂಪೇ ಇಲ್ಲ. ಹೆಂಗಸರು ಒಬ್ಬರೂ ಇಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ: ಅವರಿಗೆ ಜ್ವರ ಕಡಿಮೆಯಾಯಿತೇ? ಲಸಿಕೆ ಹೆಚ್ಚು ಹತ್ತಿತೇ? ಅದನ್ನು ಈ ಪ್ರಯೋಗ ಹೇಳಲಿಲ್ಲ. ಹೇಳಿದ್ದು ಚಿತ್ರದಲ್ಲಿ ಕಂಡ ಗ್ರಂಥಿಯ ಬಗ್ಗೆ, ರಕ್ತದಲ್ಲಿ ಎಣಿಸಿದ ಕೋಶಗಳ ಬಗ್ಗೆ, ಒಂದು ಗಡಿಯಾರದ ಬಗ್ಗೆ. ನೂರು ವರ್ಷದ ಹಿಂದೆ ಗಾತ್ರ ನೋಡಿ ದೊಡ್ಡದಾಯಿತು ಎಂದು ಕುಗ್ಗಿಸಿದೆವು. ಈಗ ಗಾತ್ರ ನೋಡಿಯೇ ಚಿಕ್ಕದಾಯಿತು ಎಂದು ಹಿಗ್ಗಿಸುತ್ತಿದ್ದೇವೆ. ಅಳತೆಪಟ್ಟಿ ಮಾತ್ರ ಬದಲಾಗಿಲ್ಲ.

ಬೆಳವಣಿಗೆಯ ಹಾರ್ಮೋನಿನದೇ ಇನ್ನೊಂದು ಒಗಟಿದೆ. ಹುಟ್ಟಿನಿಂದ ಆ ಹಾರ್ಮೋನು ಇಲ್ಲದ ಕುಳ್ಳ ಇಲಿಗಳು ಮಾಮೂಲಿ ಇಲಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ಮುಪ್ಪು ತಡೆಯಲು ಅದನ್ನೇ ಚುಚ್ಚಿಸಿಕೊಳ್ಳುವುದು ಎಂದರೆ ಪ್ರವಾಹಕ್ಕೆ ಎದುರಾಗಿ ಈಜಿದ ಹಾಗೆ. ಜಿಮ್ಮಿನ ಹುಡುಗರು ಕದ್ದು ಚುಚ್ಚಿಕೊಳ್ಳುವ ಅದೇ ಇಂಜೆಕ್ಷನ್ನಿಗೆ ‘ಥೈಮಸ್ ಚಿಕಿತ್ಸೆ’ ಎಂಬ ಹೊಸ ಅಂಗಿ ತೊಡಿಸಿ ಮಾರುವವರು ಬಂದರೆ ನನಗಂತೂ ಆಶ್ಚರ್ಯವಿಲ್ಲ. ಎದೆಮೂಳೆಯನ್ನು ಬೆರಳಿನಿಂದ ಟಕಟಕ ತಟ್ಟಿದರೆ ಥೈಮಸ್ ಎಚ್ಚರವಾಗುತ್ತದೆ ಎನ್ನುವ ವಾಟ್ಸಾಪ್ ವಿಡಿಯೊ ನಮ್ಮ ಮನೆಯ ಗುಂಪಿಗೇ ಎರಡು ಸಲ ಬಂದಿದೆ. ತಟ್ಟಿಕೊಂಡರೆ ನಷ್ಟವಿಲ್ಲ, ಲಾಭವೂ ಇಲ್ಲ.

ಗಂಭೀರ ಕೆಲಸ ಬೇರೆ ಕಡೆ ನಡೆದಿದೆ. ಎಡಿನ್‌ಬರೋದ ಕ್ಲೇರ್ ಬ್ಲ್ಯಾಕ್‌ಬರ್ನ್ ತಂಡ 2014ರಲ್ಲಿ ಮುದಿ ಇಲಿಗಳಲ್ಲಿ ‘ಫಾಕ್ಸ್ ಎನ್ 1’ ಎಂಬ ಒಂದೇ ಒಂದು ಜೀನಿನ ಗುಂಡಿ ಒತ್ತಿತು. ಉಸ್ತಾದ್ ಕೋಶಗಳನ್ನು ಉಸ್ತಾದರನ್ನಾಗಿ ಇಟ್ಟಿರುವುದು ಈ ಜೀನು. ಇದು ಕೆಟ್ಟ ಇಲಿಗೆ ಥೈಮಸ್ಸೂ ಇರುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. ಗುಂಡಿ ಒತ್ತಿದ ಇಲಿಗಳಲ್ಲಿ ಸೊರಗಿದ ಥೈಮಸ್ ಎರಡು ಪಟ್ಟಿಗೂ ಹೆಚ್ಚು ಬೆಳೆಯಿತು, ಎಳೆಯ ಗ್ರಂಥಿಯ ಕಟ್ಟೂ ಮರಳಿ ಬಂತು. ಗಾತ್ರದ ಜೊತೆಗೆ ಒಳರಚನೆಯನ್ನೂ ನೋಡಿದ್ದರಿಂದ ಇದು ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ ಕೆಲಸ. ಆದರೂ ಆ ಇಲಿಗಳು ರೋಗವನ್ನು ಚೆನ್ನಾಗಿ ಎದುರಿಸಿದವೇ ಎಂಬುದು ಅಲ್ಲಿಗೆ ಇತ್ಯರ್ಥವಾಗಲಿಲ್ಲ.

ಮನುಷ್ಯರಲ್ಲಿ ನಿಜವಾಗಿ ಗೆದ್ದಿರುವ ಥೈಮಸ್ ಚಿಕಿತ್ಸೆ ಒಂದಿದೆ, ಅದು ಮುದುಕರಿಗಲ್ಲ. ಥೈಮಸ್ಸೇ ಇಲ್ಲದೆ ಹುಟ್ಟುವ ಮಕ್ಕಳು ಬಹಳ ವಿರಳ. ಅವರು ಎರಡು ಮೂರು ವರ್ಷ ದಾಟುವುದು ಕಷ್ಟ. ಬೇರೆ ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಎಸೆಯಬೇಕಿದ್ದ ಥೈಮಸ್ಸಿನ ತುಂಡನ್ನು ತಂದು, ತೆಳ್ಳಗೆ ಹೋಳು ಮಾಡಿ, ಪ್ರಯೋಗಾಲಯದಲ್ಲಿ ಎರಡು ಮೂರು ವಾರ ಇಟ್ಟು ದಾನಿಯ ಟಿ ಕೋಶಗಳನ್ನು ಕಳೆದು, ಈ ಮಕ್ಕಳ ತೊಡೆಯ ಸ್ನಾಯುವಿನೊಳಗೆ ಇಡುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಲೂಯಿಸ್ ಮಾರ್ಕರ್ಟ್ ದಶಕಗಟ್ಟಲೆ ಇದರ ಬೆನ್ನು ಹತ್ತಿದ್ದರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮಗುವಿನ ಸ್ವಂತ ಮಜ್ಜೆಯ ಕೋಶಗಳು ತೊಡೆಗೆ ಬಂದು, ಅಲ್ಲಿ ಪಳಗಿ, ಆರು ತಿಂಗಳೋ ವರ್ಷವೋ ಕಳೆದ ಮೇಲೆ ಟಿ ಕೋಶಗಳಾಗಿ ಹೊರಡುತ್ತವೆ. ಎದೆಯಲ್ಲಿ ಇಲ್ಲದ ಗರಡಿ ತೊಡೆಯಲ್ಲಿ ನಡೆಯುತ್ತದೆ! ಇಲ್ಲಿ ಯಾರೂ ಗಾತ್ರ ಅಳೆಯಲಿಲ್ಲ. ಮಗು ಬದುಕಿತೇ, ಸೋಂಕು ನಿಂತಿತೇ ಎಂದು ಕೇಳಿದರು.

2025ರ ಡಿಸೆಂಬರಿನಲ್ಲಿ ಪ್ರಕಟವಾದ ಇನ್ನೊಂದು ಕೆಲಸ ಇದೇ ಕಾರಣಕ್ಕೆ ನನಗೆ ಇಷ್ಟವಾಯಿತು. ಎಂಐಟಿ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟಿನ ಫೆಂಗ್ ಝಾಂಗ್ ಅವರ ತಂಡ, ಬಿದ್ದುಹೋದ ಗರಡಿಯ ಗೋಡೆ ಕಟ್ಟುವ ಗೋಜಿಗೇ ಹೋಗಲಿಲ್ಲ. ಎಳೆ ಟಿ ಕೋಶಗಳನ್ನು ಬೆಳೆಸಲು ಬೇಕಾದ ಮೂರು ಸಂಕೇತಗಳನ್ನು ಎಂ-ಆರ್‌ಎನ್‌ಎ ರೂಪದಲ್ಲಿ, ಅಂದರೆ ಇಂಥ ಪ್ರೋಟೀನು ತಯಾರಿಸು ಎಂದು ಕೋಶಕ್ಕೆ ಹೇಳುವ ಓಲೆಯಾಗಿ, ಬರೆದು ಎಣ್ಣೆಹನಿಯ ಗಾಡಿಯಲ್ಲಿ ಯಕೃತ್ತಿಗೆ ಕಳಿಸಿತು. ಎಂ-ಆರ್‌ಎನ್‌ಎ ಬಗೆಯ ಕೋವಿಡ್ ಲಸಿಕೆಗಳಲ್ಲಿ ಬಳಸಿದ್ದೂ ಇಂಥದೇ ಗಾಡಿ. ಮುಪ್ಪಿನಲ್ಲೂ ಚೆನ್ನಾಗಿ ದುಡಿಯುವ ಅಂಗ ಯಕೃತ್ತು. ದೇಹದ ರಕ್ತವೆಲ್ಲ ಅದರ ಮೂಲಕವೇ ಹಾಯುತ್ತದೆ. ಒಂದೂವರೆ ವರ್ಷದ ಇಲಿಗಳಿಗೆ, ಅಂದರೆ ನಮ್ಮ ಐವತ್ತರ ಆಸುಪಾಸಿನವರಿಗೆ ಸಮ, ಕೆಲವು ವಾರ ಚುಚ್ಚಿದಾಗ ಅವು ಲಸಿಕೆಗೆ ಹೆಚ್ಚು ಗಟ್ಟಿಯಾಗಿ ಪ್ರತಿಕ್ರಿಯಿಸಿದವು, ದೇಹದ ಕಾವಲನ್ನೇ ಕ್ಯಾನ್ಸರಿನ ಮೇಲೆ ಛೂ ಬಿಡುವ ಇಮ್ಯುನೊಥೆರಪಿಯಲ್ಲೂ ಹೆಚ್ಚು ಬದುಕುಳಿದವು. ಚುಚ್ಚುವುದು ನಿಂತರೆ ಪರಿಣಾಮವೂ ಇಳಿಯುತ್ತದೆ. ಅದು ಒಂದು ಲೆಕ್ಕದಲ್ಲಿ ಕೊರತೆ. ಏನಾದರೂ ಎಡವಟ್ಟಾದರೆ ನಿಲ್ಲಿಸಬಹುದಾದ್ದರಿಂದ ಇನ್ನೊಂದು ಲೆಕ್ಕದಲ್ಲಿ ಅನುಕೂಲ.

ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗ ಇಲ್ಲಿ ಕಾಲು ಜಾರುವ ಒಂದು ಜಾಗವಿದೆ. ಇಲಿಯ ರಕ್ತದಲ್ಲಿ ಇನ್ನೂ ಯಾವ ರೋಗಾಣುವನ್ನೂ ಕಾಣದ ಹೊಸ ಟಿ ಕೋಶಗಳು ಬದುಕಿನುದ್ದಕ್ಕೂ ಥೈಮಸ್ಸಿನಿಂದಲೇ ಬರುತ್ತವೆ. ಮನುಷ್ಯರು ಹಾಗಲ್ಲ ಎಂದು ನೆದರ್ಲೆಂಡ್ಸಿನ ಸಂಶೋಧಕರು 2012ರಲ್ಲಿ ತೋರಿಸಿದರು. ವಯಸ್ಕ ಮನುಷ್ಯರಲ್ಲಿ ಅವು ಬಹುಮಟ್ಟಿಗೆ ಹೊರಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಸಂಖ್ಯೆ ಕಾಯ್ದುಕೊಳ್ಳುತ್ತವೆ. ಸಂಖ್ಯೆ ಉಳಿಯುತ್ತದೆ, ಪಟ್ಟುಗಳ ವೈವಿಧ್ಯ ನಿಧಾನವಾಗಿ ಕುಂದುತ್ತದೆ. ನಮ್ಮ ದೇಹ ಬೇರೆಯೇ ವ್ಯವಸ್ಥೆಗೆ ಒಗ್ಗಿಕೊಂಡಿರುವಾಗ ಗರಡಿ ಮತ್ತೆ ತೆರೆದರೆ ಇಲಿಗಾದಷ್ಟೇ ಲಾಭ ಆಗುತ್ತದೆ ಎನ್ನಲು ಬಾರದು.

ಇನ್ನೂ ಒಂದು ತೊಡಕಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ತರಬೇತಾದ ಪೈಲ್ವಾನರಿಗೆ ಕುಸ್ತಿ ಆಡಲು ಅಖಾಡ ಬೇಕು. ಟಿ ಕೋಶಕ್ಕೆ ಆ ಅಖಾಡ ದುಗ್ಧಗ್ರಂಥಿಗಳು. ಗಂಟಲು ನೋವಾದಾಗ ದವಡೆಯ ಕೆಳಗೆ ಗಂಟಿನ ಹಾಗೆ ಕೈಗೆ ಸಿಗುತ್ತವಲ್ಲ, ಅವು. ಮುಪ್ಪಿನಲ್ಲಿ ಅವೂ ನಾರುಗಟ್ಟುತ್ತವೆ. ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ಯಾಂಕೊ ನಿಕೊಲಿಚ್ ಮತ್ತು ಜೊತೆಗಾರರು 2019ರಲ್ಲಿ ಇದನ್ನೇ ತೋರಿಸಿದರು: ಮುದಿ ಪ್ರಾಣಿಗಳ ಥೈಮಸ್ಸನ್ನು ಬೇರೆ ಬೇರೆ ವಿಧಾನದಿಂದ ಬೆಳೆಸಿದ್ದಾಯಿತು, ಹೊಸ ಕೋಶಗಳೂ ಹೊರಬಂದವು, ಆದರೆ ಹಳೇ ದುಗ್ಧಗ್ರಂಥಿಗಳು ಅವಕ್ಕೆ ಇಂಬು ಕೊಡಲಿಲ್ಲ. ಎಂಆರ್‌ಐ ತೆಗೆದಿದ್ದರೆ ಗೆಲುವು ಎಂದೇ ಕಾಣುತ್ತಿತ್ತು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಬರ್ಮಿಂಗ್‌ಹ್ಯಾಮಿನ ನಿಹಾರಿಕಾ ಅರೋರಾ ದುಗ್ಗಲ್, ಜಾನೆಟ್ ಲಾರ್ಡ್ ಮತ್ತಿತರರು 2018ರಲ್ಲಿ 55ರಿಂದ 79 ವಯಸ್ಸಿನ 125 ಸೈಕಲ್ ಸವಾರರ ರಕ್ತ ನೋಡಿದರು. ಬದುಕಿನ ಬಹುಪಾಲು ಪೆಡಲ್ ತುಳಿದವರು ಇವರು. ಗಂಡಸರಾದರೆ ಆರೂವರೆ ಗಂಟೆಯಲ್ಲಿ 100 ಕಿಲೋಮೀಟರ್ ತುಳಿಯುವ ಜನ. ಥೈಮಸ್ಸಿನಿಂದ ಆಗಷ್ಟೇ ಹೊರಬಿದ್ದ ಕೋಶಗಳು ಇವರಲ್ಲಿ ತರುಣರಷ್ಟೇ ಇದ್ದವು. ಯೇಲ್‌ನ ವಿಶ್ವದೀಪ್ ದೀಕ್ಷಿತ್ ತಂಡ 2022ರಲ್ಲಿ ಇನ್ನೊಂದು ದಿಕ್ಕಿನಿಂದ ಬಂತು. ಎರಡು ವರ್ಷ ಊಟದ ಕ್ಯಾಲೊರಿಯನ್ನು ಶೇ 14ರಷ್ಟು ತಗ್ಗಿಸಿದವರ ಥೈಮಸ್ಸಿನಲ್ಲಿ ಕೊಬ್ಬು ಕಡಿಮೆಯಾಗಿ ದುಡಿಯುವ ಭಾಗ ಹೆಚ್ಚಿತ್ತು. ಫೇಹಿಯ ಪ್ರಯೋಗದಲ್ಲಿ ಇಲ್ಲದ ಹೋಲಿಕೆಯ ಗುಂಪು ಇಲ್ಲಿತ್ತು. ಆದರೆ ಈ ಮಾತನ್ನು ನಮ್ಮ ನಾಡಿಗೆ ಹಾಗೇ ತರುವಾಗ ಎಚ್ಚರ ಬೇಕು. ಹಸಿವು ಥೈಮಸ್ಸಿನ ಮೊದಲ ಶತ್ರು ಎಂದು ಆಗಲೇ ನೋಡಿದೆವಲ್ಲ. ಹೊಟ್ಟೆ ತುಂಬಿದ ಅಮೆರಿಕನ್ನನಿಗೆ ಒಂದು ತುತ್ತು ಕಡಿಮೆ ಉಣ್ಣು ಅನ್ನುವುದು ಬೇರೆ, ರಾತ್ರಿ ಅರ್ಧ ಮುದ್ದೆ ಉಂಡು ಮಲಗುವ ಒಂಟಿ ಅಜ್ಜಿಗೆ ಹೇಳುವುದು ಬೇರೆ. ಆಕೆಗೆ ಬೇಕಿರುವುದು ಬೇಳೆ, ಮೊಟ್ಟೆ.

ಥೈಮಸ್ಸಿಗೆ ಕೈ ಹಚ್ಚದೆಯೇ ಮುದಿ ಸೈನ್ಯವನ್ನು ಬಡಿದೆಬ್ಬಿಸಬಹುದು ಎಂಬುದಕ್ಕೆ ಒಳ್ಳೆಯ ನಿದರ್ಶನ ಸರ್ಪಸುತ್ತಿನ ಲಸಿಕೆಯೇ. ಹಳೆಯ ಲಸಿಕೆ, ಜೋಸ್ಟಾವ್ಯಾಕ್ಸ್, ಒಟ್ಟಾರೆ ಅರ್ಧದಷ್ಟು ಜನರನ್ನು ಕಾಯುತ್ತಿತ್ತು. ಎಪ್ಪತ್ತು ದಾಟಿದವರಲ್ಲಿ ಅದು ಶೇ 38ಕ್ಕೆ ಕುಸಿಯುತ್ತಿತ್ತು. ಥೈಮಸ್ ಸೊರಗಿದವರಿಗೆ ಲಸಿಕೆ ಹತ್ತುವುದಿಲ್ಲ ಎಂದು ಎಲ್ಲರೂ ಕೈಚೆಲ್ಲಿದ್ದರು. ಆಮೇಲೆ ಬಂದ ಶಿಂಗ್ರಿಕ್ಸ್ ಎಪ್ಪತ್ತು ದಾಟಿದವರಲ್ಲೂ ಶೇ 90ರ ಆಸುಪಾಸು ರಕ್ಷಣೆ ಕೊಟ್ಟಿತು. ಗ್ರಂಥಿ ಅದೇ, ವಯಸ್ಸು ಅದೇ. ಬದಲಾದದ್ದು ಲಸಿಕೆ: ವೈರಾಣುವಿನ ಒಂದು ತುಣುಕು, ಅದರ ಜೊತೆ ಬೆರೆಸಿದ ಚುರುಕುಮದ್ದು. 2023ರಿಂದ ಅದು ಭಾರತದಲ್ಲೂ ಸಿಗುತ್ತಿದೆ. ಒಂದು ಡೋಸಿಗೇ ಸಾವಿರಗಟ್ಟಲೆ ರೂಪಾಯಿ, ಎರಡು ಡೋಸ್ ಬೇಕು. 2022ರ ಲೆಕ್ಕದಲ್ಲಿ ಅರವತ್ತು ದಾಟಿದವರು ನಮ್ಮ ದೇಶದಲ್ಲಿ 14.9 ಕೋಟಿ; 2050ಕ್ಕೆ 34.7 ಕೋಟಿ ಆಗುತ್ತಾರೆ ಎಂಬ ಅಂದಾಜಿದೆ. ಥೈಮಸ್ ಚಿಗುರಿಸುವ ಚುಚ್ಚುಮದ್ದು ನಾಳೆಯೇ ಬಂದರೂ ಅದು ಈ ಲಸಿಕೆಗಿಂತ ಅಗ್ಗವಾಗಿರುವುದಿಲ್ಲ. ಇರುವ ಲಸಿಕೆಯನ್ನೇ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಗೆ ತರಲಾಗದವರು ಯೌವನದ ಔಷಧಕ್ಕೆ ಕಾಯುತ್ತಿದ್ದೇವೆ.

ಮೊನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ನೋವು ಮುಕ್ಕಾಲು ಇಳಿದಿದೆಯಂತೆ, ಸಂಜೆ ದೇವಸ್ಥಾನದವರೆಗೆ ನಡೆದು ಹೋಗಿ ಬರುತ್ತಾರೆ. ಸರ್ಪಸುತ್ತು ಇನ್ನೊಂದು ಸಲವೂ ಬರಬಹುದು, ಲಸಿಕೆ ಹಾಕಿಸಿಕೊಳ್ಳಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ. ಮೊದಲ ಡೋಸಿಗೆ ದುಡ್ಡು ಕಳಿಸುತ್ತೇನೆ ಅಂದೆ. ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

“ಅವತ್ತು ಹೇಳ್ತಿದ್ದೆಯಲ್ಲ, ಗ್ರಂಥಿ ಬೆಳೆಸಿದ ಇಲಿಗಳು. ಅವಕ್ಕೆ ಆಮೇಲೆ ಸರ್ಪಸುತ್ತು ಬರಲಿಲ್ವಾ?”

ಇಲಿಗೆ ಸರ್ಪಸುತ್ತು ಬರುವುದೇ ಇಲ್ಲ ದೊಡ್ಡಮ್ಮ, ಆ ವೈರಾಣು ಮನುಷ್ಯರದು ಅಂದೆ.

“ಮತ್ತೆ ಅದರಿಂದ ನನಗೇನು ಗೊತ್ತಾದಂಗಾಯ್ತು?” ಅಂದರು.